ಪ್ರವೇಶ ಪತ್ರದ ಸಂಭ್ರಮ

ಮುಂಗಾರು ಹತ್ತಿರವಾಯಿತೆಂದರೆ ನಮ್ಮ ಸಿರುಗುಪ್ಪದ ಮನೆಗಳಲ್ಲಿ ಎರಡು ಮಾತುಗಳು ಒಟ್ಟಿಗೆ ಕೇಳಿಬರುತ್ತವೆ. ಕಾಲುವೆಗೆ ನೀರು ಎಂದು ಬಿಡುತ್ತಾರೆ ಎಂಬುದೊಂದು, ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸುವುದು ಎಂಬುದು ಇನ್ನೊಂದು. 2024ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಎರಡನೆಯ ಮಾತೇ ಮೊದಲನೆಯದನ್ನು ಮೀರಿಸಿತು. ಮೊಮ್ಮಗಳು ದ್ವಿತೀಯ ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿದ್ದಳು. ಬಿ.ಕಾಂ. ಓದಿ ಬ್ಯಾಂಕಿನ ಪರೀಕ್ಷೆ ಬರೆಯಲಿ ಎಂಬುದು ನನ್ನ ಮಗನ ಆಸೆ. ಆಕೆಯದು ಬಿ.ಎ., ಅದರಲ್ಲಿಯೂ ಇತಿಹಾಸ ಇರಲೇಬೇಕೆಂಬ ಹಟ.

ಆ ಹುಡುಗಿಯ ಉತ್ಸಾಹವನ್ನು ಏನೆಂದು ವರ್ಣಿಸಲಿ! ಸೀಟು ಸಿಗುವ ಮೊದಲೇ ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ವೇಳಾಪಟ್ಟಿ ಸಿದ್ಧಪಡಿಸಿದ್ದಳು. ಇತಿಹಾಸಕ್ಕೆ ಕೆಂಪು, ಭೂಗೋಳಕ್ಕೆ ಹಸಿರು, ಕನ್ನಡಕ್ಕೆ ನೀಲಿ. ಯಾವ ತರಗತಿ ಯಾವ ಹೊತ್ತಿಗೆ ಇರುತ್ತದೆಂದು ಕಾಲೇಜಿನವರಿಗೇ ಗೊತ್ತಿರದ ಕಾಲದಲ್ಲಿ ಈಕೆಗೆ ಅದು ನಿಶ್ಚಯವಾಗಿತ್ತು. "ತಾತ, ಮೂರೇ ವಿಷಯ ಅಂತ. ನಾಲ್ಕು ತಗೊಂಡ್ರೆ ಬ್ಯಾಡ ಅಂತಾರೇನು?" ಎಂದು ನನ್ನನ್ನು ಕೇಳಿದಳು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಪಾಠ ಹೆಚ್ಚಾಯಿತೆಂದು ದೂರಿದ ಮಕ್ಕಳನ್ನು ಬಲ್ಲೆ, ಸಾಲದೆಂದು ದೂರಿದವರು ವಿರಳ.

ನಿಯಮಗಳೂ ಆ ವರ್ಷವೇ ಬದಲಾಗಬೇಕೆ? 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂದಿತ್ತು. ಕಲಾ ವಿದ್ಯಾರ್ಥಿಯೂ ವಾಣಿಜ್ಯದ್ದೋ ವಿಜ್ಞಾನದ್ದೋ ಒಂದು ಮುಕ್ತ ಐಚ್ಛಿಕ ವಿಷಯವನ್ನು ಆರಿಸಿಕೊಳ್ಳಬಹುದಾಗಿತ್ತು. ಓಣಿಯ ಹಿರಿಯ ಹುಡುಗಿಯರಿಂದ ಇದನ್ನೆಲ್ಲ ಕೇಳಿ ಈಕೆ ಆಸೆ ಬೆಳೆಸಿಕೊಂಡಿದ್ದಳು. 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಯನ್ನೇ ಜಾರಿಗೆ ತಂದಿತು. ಮೂರೇ ವರ್ಷದಲ್ಲಿ ಮುಗಿಯುವುದಲ್ಲ ಎಂದು ಆಕೆಯ ತಂದೆಗೆ ಸಮಾಧಾನ, ಮಗಳ ಮುಖ ಮಾತ್ರ ಸಣ್ಣದಾಯಿತು. ಇಷ್ಟು ಬೇಗ ಬೇಗ ನೀತಿಗಳನ್ನು ಬದಲಿಸುವುದು ಮಕ್ಕಳ ಹಿತಕ್ಕೆ ಒಳ್ಳೆಯದಲ್ಲವೆಂದೇ ನನ್ನ ಅಭಿಪ್ರಾಯ.

ಇತಿಹಾಸದ ಹುಚ್ಚು ಎಲ್ಲಿಂದ ಬಂತೆಂದರೆ, ನಿಟ್ಟೂರಿನಿಂದ. ನಮ್ಮ ತಾಲ್ಲೂಕಿನ ನಿಟ್ಟೂರು ಮತ್ತು ಉದೆಗೋಳಗಳಲ್ಲಿ ಅಶೋಕನ ಬಂಡೆ ಶಾಸನಗಳಿರುವುದನ್ನು ವಾಚಕರು ಬಲ್ಲರು. ದೇಶದಲ್ಲಿರುವ ಅವನ ಶಾಸನಗಳಲ್ಲಿ ಹೆಚ್ಚಿನವು 'ದೇವಾನಾಂಪ್ರಿಯ' ಎಂಬ ಬಿರುದನ್ನಷ್ಟೇ ಹೇಳುತ್ತವೆ. ಅಶೋಕನೆಂಬ ಹೆಸರನ್ನೇ ಹೇಳುವ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಹೈಸ್ಕೂಲಿನ ಗುರುಗಳೊಬ್ಬರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಬಂಡೆಯ ಮುಂದೆ ನಿಲ್ಲಿಸಿದರಂತೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಅಕ್ಷರ ನಮ್ಮ ಬತ್ತದ ಗದ್ದೆಗಳ ನೆರೆಯಲ್ಲಿದೆ ಎಂಬುದು ಅವಳ ಮನಸ್ಸಿಗೆ ಹತ್ತಿಬಿಟ್ಟಿತು. ತೆಕ್ಕಲಕೋಟೆಯ ನವಶಿಲಾಯುಗದ ನೆಲೆ, ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲು ಗುಡ್ಡ, ಇವುಗಳ ಮಾತೂ ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ನಡೆಯತೊಡಗಿತು.

ಕಾಲೇಜು ಸೇರುವುದೆಂಬುದು ನಮ್ಮ ಕಡೆಯವರಿಗೆ ಎಂದೂ ಸುಲಭವಾಗಿ ದಕ್ಕಿದ್ದಲ್ಲ. ಬಳ್ಳಾರಿ ಮದ್ರಾಸು ಪ್ರಾಂತ್ಯದಲ್ಲಿದ್ದಾಗ ಪದವಿಗಾಗಿ ಅನಂತಪುರಕ್ಕೋ ದೂರದ ಮದ್ರಾಸಿಗೋ ಹೋಗಬೇಕಾಗಿತ್ತು. 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘವು 1945ರಲ್ಲಿ ವೀರಶೈವ ಕಾಲೇಜನ್ನು ತೆರೆದ ಮೇಲೆ ಹಳ್ಳಿಯ ರೈತರ ಮಕ್ಕಳಿಗೆ ಒಂದು ಬಾಗಿಲು ತೆರೆಯಿತು. 1953ರಲ್ಲಿ ಬಳ್ಳಾರಿ ಕನ್ನಡ ನಾಡನ್ನು ಸೇರಿತು. ವಿಶ್ವವಿದ್ಯಾಲಯವೇ ಊರಿಗೆ ಬರಲು ಮಾತ್ರ 2010ರವರೆಗೆ ಕಾಯಬೇಕಾಯಿತು.

ನನಗೆ ಆ ಬಾಗಿಲು ತೆರೆದಿತ್ತು. ನನ್ನ ತಂಗಿಗೆ ತೆರೆಯಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಆಕೆಗೆ ನನಗಿಂತ ಹೆಚ್ಚು ಅಂಕಗಳು ಬಂದಿದ್ದವು. ಹೆಣ್ಣುಮಗಳನ್ನು ಒಬ್ಬಳನ್ನೇ 55 ಕಿಲೋಮೀಟರು ಬಸ್ಸಿನಲ್ಲಿ ಕಳುಹಿಸುವುದು ಹೇಗೆಂದು ತಂದೆಯವರು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಮರುವರ್ಷ ಕುರುಗೋಡಿಗೆ ಲಗ್ನವಾಗಿ ಹೋದಳು. ಸಂಸಾರದಲ್ಲಿ ಸುಖವಾಗಿಯೇ ಇದ್ದಾಳೆ, ಆ ಮಾತನ್ನು ಎಂದೂ ಎತ್ತಿದವಳಲ್ಲ.

ಆ ಮೇ ತಿಂಗಳಲ್ಲಿ ಆಕೆ ನಮ್ಮ ಮನೆಗೆ ಬಂದಿದ್ದಳು. ಮೊಮ್ಮಗಳು ತನ್ನ ಬಣ್ಣದ ವೇಳಾಪಟ್ಟಿಯನ್ನು ಅಜ್ಜಿಯ ಮುಂದೆ ಹರವಿದಳು. ತಂಗಿ ಕನ್ನಡಕ ಹಾಕಿಕೊಂಡು ಸೋಮವಾರದಿಂದ ಶನಿವಾರದವರೆಗೆ ಒಂದೊಂದನ್ನೇ ಓದಿದಳು, ಸಂದೇಹ ಬಂದ ಕಡೆ ಕೇಳಿ ತಿಳಿದುಕೊಂಡಳು. ಆಮೇಲೆ ನನ್ನ ಮಗನನ್ನು ಕರೆದು, "ಅದು ಏನು ಓದ್ತೀನಿ ಅಂತದೋ ಅದನ್ನೇ ಓದಿಸಪ್ಪ" ಎಂದಳು. ಸೋದರತ್ತೆಯ ಮಾತಿಗೆ ಎದುರಾಡುವ ಧೈರ್ಯ ಅವನಿಗೆ ಬರಲಿಲ್ಲ. ಅಂದು ರಾತ್ರಿಯೇ ಮೊಬೈಲಿನಲ್ಲಿ ನೋಂದಣಿಯ ಕೆಲಸ ಆರಂಭವಾಯಿತು. ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಸಂಖ್ಯೆ, ಭಾವಚಿತ್ರ ಎಲ್ಲವನ್ನೂ ತುಂಬಬೇಕು. ಎರಡು ಬಾರಿ ಸಂಪರ್ಕ ಕಡಿದು ಮೊದಲಿನಿಂದ ಬರೆಯಬೇಕಾಯಿತು. ಆಕೆಗೆ ಬೇಸರವೇ ಇಲ್ಲ! ಬಳ್ಳಾರಿಯ ಮಹಿಳಾ ಕಾಲೇಜೊಂದರಲ್ಲಿ ಬಯಸಿದ ವಿಷಯಗಳೇ ದೊರೆತವು.

ಇನ್ನು ಹಾಸ್ಟೆಲಿನ ಮಾತು. ನಾಟಿ ಮುಗಿದ ಮೇಲೆ ಹಣ ಕಟ್ಟುವುದೆಂದು ಮಗ ಒಪ್ಪಿದ್ದ. ಅಷ್ಟರಲ್ಲಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಯಿತು. ನಮ್ಮ ಜೀವವೇ ಹರಿದು ಹೋಗುತ್ತಿರುವಂತೆ ಆ ನೀರು ಹರಿಯುವುದನ್ನು ಟಿ.ವಿ.ಯಲ್ಲಿ ನೋಡುತ್ತ ಕುಳಿತೆವು. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರು, ಮಳೆರಾಯನ ಕೃಪೆಯಿಂದ ಜಲಾಶಯ ಮತ್ತೆ ತುಂಬಿತು. ಆದರೆ ಆ ವಾರದಲ್ಲಿ ಯಾರಿಗೆ ಏನು ಗೊತ್ತಿತ್ತು? ಮಗ ಮಾತಿಲ್ಲದೆ ಗದ್ದೆಯ ಬದುವಿನ ಮೇಲೆ ತಿರುಗುತ್ತಿದ್ದ. ತಂದೆಯ ಮುಖ ನೋಡಿ ಮಗಳೇ ಬಂದು, ಹಾಸ್ಟೆಲ್ ಬೇಡ, ಬಸ್ಸಿನಲ್ಲಿ ಹೋಗಿಬರುತ್ತೇನೆ ಎಂದಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿರುವುದರಿಂದ ಖರ್ಚಿನ ಚಿಂತೆ ಇರಲಿಲ್ಲ. ಹೋಗಿಬರಲು ದಿನಕ್ಕೆ 110 ಕಿಲೋಮೀಟರು, ನಿಂತೇ ಹೋಗಬೇಕಾದ ದಿನಗಳೇ ಹೆಚ್ಚು.

ಬೆಳೆ ಕೈಗೆ ಬಂದ ಮೇಲೆ ಹಾಸ್ಟೆಲಿಗೆ ಸೇರಿಸುತ್ತೇನೆಂದು ಮಗ ಹೇಳಿದಾಗ ಆಕೆ ಒಪ್ಪಲಿಲ್ಲ. ಬಸ್ಸಿನಲ್ಲಿ ಕುರುಗೋಡು, ತೆಕ್ಕಲಕೋಟೆ ಕಡೆಯ ಗೆಳತಿಯರಾಗಿದ್ದಾರಂತೆ, ಪರೀಕ್ಷೆಯ ಹಿಂದಿನ ದಿನ ಅಲ್ಲಿಯೇ ಪ್ರಶ್ನೋತ್ತರ ನಡೆಯುತ್ತದಂತೆ. ಸೆಮಿಸ್ಟರು ಬದಲಾದಾಗಲೆಲ್ಲ ಹೊಸ ವೇಳಾಪಟ್ಟಿಯ ಪ್ರತಿಯೊಂದು ಕುರುಗೋಡಿನ ಅಜ್ಜಿಗೂ ತಲುಪುತ್ತದೆ. ತರಗತಿ ಇರುವ ಹೊತ್ತಿನಲ್ಲಿ ಫೋನು ಮಾಡಬಾರದೆಂದು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಾಳೆ ನನ್ನ ತಂಗಿ.