ಹೆಬ್ಬೆಟ್ಟಿನ ಗುರುತು ಕಲಿಸಿದ ಪಾಠ



ನರ್ಸಿಂಗ್ ಕಲಿತ ಹುಡುಗಿಗೆ ನಮ್ಮ ಕರಾವಳಿಯ ಮನೆಗಳಲ್ಲಿ ಹೆಚ್ಚಾಗಿ ಒಂದೇ ದಾರಿ ತೋರಿಸುತ್ತಾರೆ. ಎರಡು ವರ್ಷ ಊರಿನ ಆಸ್ಪತ್ರೆಯಲ್ಲಿ ಅನುಭವ, ಆಮೇಲೆ ಗಲ್ಫ್. ಜಿಎನ್‌ಎಂ ಮುಗಿಸಿದ ನನಗೂ ಬಾಪ ಅದನ್ನೇ ಹೇಳಿದ್ದರು. ಪಾಸ್‌ಪೋರ್ಟ್ ಕೂಡಾ ಕೈಸೇರಿತ್ತು.

ಅಷ್ಟರಲ್ಲಿ ನಮ್ಮ ವಾರ್ಡಿನಲ್ಲಿ ಹೊಸ ಔಷಧವೊಂದರ ಪ್ರಯೋಗ ಆರಂಭವಾಯಿತು. ಸಕ್ಕರೆ ಕಾಯಿಲೆಯ ವೃದ್ಧೆಯೊಬ್ಬರ ಮುಂದೆ ಒಪ್ಪಿಗೆ ಪತ್ರ ಇಟ್ಟರು. ಅವರಿಗೆ ಓದಲು ಬಾರದು, ಬ್ಯಾರಿ ಭಾಷೆಯ ಹೊರತು ಬೇರೆ ತಿಳಿಯದು. ಹೆಬ್ಬೆಟ್ಟು ಒತ್ತಿದ ಬಳಿಕ ಅವರು ನನ್ನ ಕೈ ಹಿಡಿದು ಕೇಳಿದರು: “ಮಗಳೇ, ನಾನು ಒತ್ತದಿದ್ದರೆ ನನ್ನ ಮದ್ದು ನಿಲ್ಲಿಸುತ್ತಿದ್ದರೇ?”

ನಾನು ವಿಷಯವನ್ನು ವೈದ್ಯರಿಗೆ ತಿಳಿಸಿದೆ. ಎಲ್ಲವನ್ನೂ ಬ್ಯಾರಿಯಲ್ಲಿ ವಿವರಿಸಿದಾಗ ಆ ಉಮ್ಮ “ನನಗೆ ಬೇಡ” ಎಂದರು. ಅವರ ಮಾಮೂಲು ಚಿಕಿತ್ಸೆ ಮುಂದುವರಿಯಿತು. ಕೆಲವರು ನನ್ನ ಮೇಲೆ ಮುನಿಸಿಕೊಂಡರು. ಓದಲು ಬಾರದವರಿಂದ ಒಪ್ಪಿಗೆ ಪಡೆಯುವಾಗ ನಿಷ್ಪಕ್ಷ ಸಾಕ್ಷಿಯೊಬ್ಬರು ಜೊತೆಗಿರಬೇಕು, ರೋಗಿ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂಬ ನಿಯಮಗಳನ್ನು ನಾನು ತಿಳಿದದ್ದು ಆಮೇಲೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಂಶೋಧನೆಯೆಂದರೆ ಪ್ರಯೋಗಾಲಯ, ದೊಡ್ಡ ಡಾಕ್ಟರರ ಕೆಲಸ ಎಂದುಕೊಂಡಿದ್ದೆ. ಆದರೆ ರೋಗಿಯ ಮನಸ್ಸಿನ ಪ್ರಶ್ನೆ ಮೊದಲು ಕೇಳುವುದು ನರ್ಸಿನ ಕಿವಿಗೆ ತಾನೇ?

ಪ್ರವಾದಿ(ಸ)ರ ಕಾಲದಲ್ಲಿ ಮದೀನಾದ ಮಸೀದಿಯ ಬಳಿ ಡೇರೆಯಲ್ಲಿ ಗಾಯಾಳುಗಳನ್ನು ಉಪಚರಿಸಿದ ರುಫೈದಾ(ರ)ರ ಬಗ್ಗೆ ನಾವು ಕೇಳಿದ್ದೇವೆ. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ರೋಗಗಳಿಂದ ಸತ್ತ ಸೈನಿಕರೇ ಹೆಚ್ಚೆಂದು ಫ್ಲಾರೆನ್ಸ್ ನೈಟಿಂಗೇಲ್ ಅಂಕಿಅಂಶಗಳಿಂದ ತೋರಿಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಪ್ರಥಮ ಮಹಿಳಾ ಸದಸ್ಯೆಯಾದರು. ಆರೈಕೆ ಮತ್ತು ಲೆಕ್ಕ, ಎರಡೂ ಒಂದೇ ಕೈಯ ಕೆಲಸವಾಗಬಲ್ಲವು.

ಬಾಪ ಒಂದು ವಾರ ಮಾತಾಡಲಿಲ್ಲ. ಸಾಲವಿತ್ತು, ಮನೆಯ ಮಹಡಿ ಅರ್ಧಕ್ಕೆ ನಿಂತಿತ್ತು. ಕೊನೆಗೆ ಉಮ್ಮ ತನ್ನ ಬಳೆ ಬಿಚ್ಚಿ ಕೊಟ್ಟು, “ಅವಳು ಕಲಿಯಲಿ” ಎಂದರು.

ಜಿಎನ್‌ಎಂ ಆದವರು 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಅದರಲ್ಲಿ ಶೇ. 55 ಅಂಕ, 1 ವರ್ಷದ ಕೆಲಸದ ಅನುಭವವಿದ್ದರೆ ಎಂ.ಎಸ್ಸಿ. ನರ್ಸಿಂಗ್‌ಗೆ ಅವಕಾಶವಿದೆ. ಅನುಭವ ಪದವಿಗೆ ಮೊದಲಿನದ್ದಾದರೂ ಸಾಕು. ಎಂ.ಎಸ್ಸಿ.ಯಲ್ಲಿ ಸಂಶೋಧನೆ, ಸಂಖ್ಯಾಶಾಸ್ತ್ರ ಕಲಿತು ಪ್ರಬಂಧ ಬರೆಯಬೇಕು. ಅನಂತರ ಪಿಎಚ್.ಡಿ. ಮಾಡಬಹುದು. ರೋಗಗಳು ಜನರಲ್ಲಿ ಹರಡುವ ಬಗೆಯನ್ನು ಅಧ್ಯಯನ ಮಾಡಲು ಇಷ್ಟವಿರುವವರಿಗೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯೂ ಇದೆ. ನಾನು ಸಮುದಾಯ ಆರೋಗ್ಯ ವಿಷಯದಲ್ಲಿ ಎಂ.ಎಸ್ಸಿ. ಮಾಡಿ ಈಗ ಸಂಶೋಧನಾ ಯೋಜನೆಯೊಂದರಲ್ಲಿದ್ದೇನೆ.

ಒಂದು ಮಾತು ಮುಚ್ಚಿಡಲಾರೆ. ಇಲ್ಲಿನ ಅನೇಕ ಹುದ್ದೆಗಳು ಗುತ್ತಿಗೆಯವು. ಯೋಜನೆಯ ಹಣ ಮುಗಿದರೆ ಕೆಲಸವೂ ಮುಗಿಯುತ್ತದೆ. ನಮ್ಮ ಮಹಡಿ ಇನ್ನೂ ಪೂರ್ತಿಯಾಗಿಲ್ಲ. ಗಲ್ಫಿಗೆ ಹೋಗುವವರು ತಪ್ಪು ಮಾಡುತ್ತಾರೆಂದೂ ನಾನು ಹೇಳುವುದಿಲ್ಲ. ಮನೆಯ ಹೊರೆ ಅವರಿಗೇ ಗೊತ್ತು.

ಆದರೆ ಸಹೋದರೀ, ವಾರ್ಡಿನಲ್ಲಿ ನಿನ್ನನ್ನು ಕಾಡುವ ಪ್ರಶ್ನೆಯೊಂದಿದ್ದರೆ ಅದನ್ನು ಪುಸ್ತಕದಲ್ಲಿ ಬರೆದಿಡು. ನಿನ್ನ ದಾರಿ ಅಲ್ಲಿಂದಲೇ ತೆರೆಯಬಹುದು, ಇನ್‌ಶಾ ಅಲ್ಲಾಹ್. ಇಂದು ನಾನು ಒಪ್ಪಿಗೆ ಪತ್ರ ಹಿಡಿದು ಕೂತಾಗಲೆಲ್ಲ ಮೊದಲು ಹೇಳುವುದು ಇದನ್ನೇ: “ಉಮ್ಮಾ, ನೀವು ಬೇಡವೆಂದರೂ ನಿಮ್ಮ ಮದ್ದು ನಿಲ್ಲುವುದಿಲ್ಲ.”