ರಷ್ಯಾದವರೂ ಪರಾಗ್ವೆಯವರೂ

ದಕ್ಷಿಣ ಅಮೆರಿಕದ ಅರ್ಜೆಂಟೀನಾ ಪರದೇಶದವರಿಂದ ತುಂಬಿಕೊಂಡ ದೇಶ. 1914ರ ಜನಗಣತಿಯಲ್ಲಿ ಅಲ್ಲಿಯ ನಿವಾಸಿಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಹೊರದೇಶಗಳಲ್ಲಿ ಹುಟ್ಟಿದವರಾಗಿದ್ದರು. ಇಟಲಿಯವರೂ ಸ್ಪೇನಿನವರೂ ಮೊದಲ ಎರಡು ಸ್ಥಾನಗಳಲ್ಲಿದ್ದರು. ಮೂರನೆಯದು ರಷ್ಯಾ ಸಾಮ್ರಾಜ್ಯದಿಂದ ಬಂದವರದು. ಅವರ ಸಂಖ್ಯೆ ತೊಂಬತ್ತು ಸಾವಿರಕ್ಕೆ ಮೇಲ್ಪಟ್ಟಿದ್ದಿತು. ಇಂದು ಆ ಪಟ್ಟಿಯ ಅಗ್ರಸ್ಥಾನ ನೆರೆಯ ಪರಾಗ್ವೆಯವರಿಗೆ ಸಂದಿದೆ. 2010ರ ಗಣತಿಯಲ್ಲಿ ಅವರು 5,50,713 ಮಂದಿ; 2022ರಲ್ಲಿಯೂ ಐದು ಲಕ್ಷಕ್ಕೆ ಕಡಮೆಯಿಲ್ಲ.

ರಾಜಧಾನಿಯಾದ ಬ್ಯೂನಸ್ ಐರಿಸ್‌ನ ಆಡುಮಾತಿನಲ್ಲಿ ‘ರೂಸೊ’ ಎಂದರೆ ರಷ್ಯಾದವನೆಂದು ಶಬ್ದಾರ್ಥವಾದರೂ, ರೂಢಿಯಲ್ಲಿ ಯೆಹೂದ್ಯನೆಂದೇ ಅರ್ಥ. ಬಂದವರಲ್ಲಿ ಬಹುಮಂದಿ ಝಾರನ ರಾಜ್ಯದ ಯೆಹೂದ್ಯರಾಗಿದ್ದುದೇ ಇದಕ್ಕೆ ಕಾರಣ. ಆ ಮಾತನ್ನು ಕೇಳಿದೊಡನೆ ನಗರವಾಸಿಯ ಮನಸ್ಸಿಗೆ ಬರುವವನು ವೈದ್ಯ, ವಕೀಲ, ಇಲ್ಲವೆ ಅಂಗಡಿಯ ಯಜಮಾನ. ಪರಾಗ್ವೆಯವನೆಂದರೆ ಕಣ್ಮುಂದೆ ನಿಲ್ಲುವವನು ಗಾರೆಕೆಲಸದವನು, ಪರಾಗ್ವೆಯವಳೆಂದರೆ ಮನೆಗೆಲಸದವಳು. ಇಷ್ಟನ್ನು ಕಂಡವರು ಇಷ್ಟಕ್ಕೇ ನಿಲ್ಲುವುದಿಲ್ಲ. ಆ ಜನ ಶ್ರಮಶೀಲರು, ಮಿತವ್ಯಯಿಗಳು, ಆದಕಾರಣ ಮೇಲೆ ಬಂದರು. ಈ ಜನ ಅಂದಿನದನ್ನು ಅಂದೇ ಉಣ್ಣುವವರು, ಆದಕಾರಣ ಕೆಳಗುಳಿದರು ಎಂದು ತೀರ್ಪು ಹೇಳಿಬಿಡುತ್ತಾರೆ. ಕೂಲಿಯ ದರ, ಬಾಡಿಗೆಯ ಕರಾರು, ಶಾಲೆಯ ಪ್ರವೇಶ, ಇವೆಲ್ಲಕ್ಕೂ ಈ ತೀರ್ಪಿನ ನೆರಳು ತಾಗುವುದರಿಂದ ಇದನ್ನು ಹರಟೆಯೆಂದು ತಳ್ಳಿಹಾಕುವಂತಿಲ್ಲ.

ತರ್ಕಶಾಸ್ತ್ರದ ಪರಿಚಯವುಳ್ಳವರಿಗೆ ಈ ಅನುಮಾನದ ದೋಷ ಹೊಸದಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದರೆ ನೈಯಾಯಿಕನು ಒಪ್ಪನು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಸೌದೆಯೂ ಬೇಕು. ಅದನ್ನೇ ಅವನು ಉಪಾಧಿಯೆನ್ನುವನು. ಶ್ರಮವಿದ್ದಲ್ಲೆಲ್ಲ ಸಂಪತ್ತು ಎಂಬ ವ್ಯಾಪ್ತಿಯೂ ಅಂಥದೇ. ಹಗಲೆಲ್ಲ ಇಟ್ಟಿಗೆ ಹೊರುವವನಲ್ಲಿ ಶ್ರಮಕ್ಕೇನು ಕೊರತೆ? ಇಲ್ಲಿಯ ಹಸಿಸೌದೆ ಯಾವುದೆಂಬುದನ್ನು ಹುಡುಕಬೇಕಾಗಿದೆ.

ಅರ್ಜೆಂಟೀನಾದ 1853ರ ರಾಜ್ಯಾಂಗದ ಇಪ್ಪತ್ತೈದನೆಯ ವಿಧಿಯು ಯೂರೋಪಿನಿಂದ ಬರುವ ವಲಸೆಯನ್ನು ಸರ್ಕಾರವು ಪ್ರೋತ್ಸಾಹಿಸತಕ್ಕದ್ದೆಂದು ವಿಧಿಸುತ್ತದೆ. 1994ರಲ್ಲಿ ರಾಜ್ಯಾಂಗವನ್ನು ತಿದ್ದಿದಾಗಲೂ ಆ ವಿಧಿಯನ್ನು ಕೈಬಿಡಲಿಲ್ಲ. ‘ಯೂರೋಪಿನ’ ಎಂಬ ಆ ಒಂದು ವಿಶೇಷಣದಲ್ಲಿ ಎಷ್ಟೋ ಅಡಗಿದೆ. ಅದರ ಬೆನ್ನಿಗೇ ಬಂದುದು 1876ರ ವಲಸೆ ಮತ್ತು ನೆಲಸುಗಾರಿಕೆಯ ಶಾಸನ. ಅದು ಬಂದವರಿಗೆ ಭೂಮಿಯ ಆಸೆಯನ್ನು ತೋರಿಸಿತು. 1878ರಲ್ಲಿ ರಷ್ಯಾದ ವೋಲ್ಗಾತೀರದಿಂದ ಜರ್ಮನ್ ಭಾಷೆಯ ರೈತರು ಬಂದು ಬ್ಯೂನಸ್ ಐರಿಸ್ ಪ್ರಾಂತದ ಇನೋಹೊ ಎಂಬಲ್ಲಿಯೂ ಎಂತ್ರೆ ರಿಯೊಸ್ ಪ್ರಾಂತದಲ್ಲಿಯೂ ನೆಲೆನಿಂತರು. ಅವರ ಪೂರ್ವಿಕರಿಗೆ ಕ್ಯಾಥರೀನ್ ರಾಣಿಯು ಸೈನ್ಯಸೇವೆಯಿಂದ ವಿನಾಯಿತಿ ಕೊಟ್ಟಿದ್ದಳು. 1874ರಲ್ಲಿ ಅದು ತಪ್ಪಿದುದೇ ಅವರ ನಿರ್ಗಮನಕ್ಕೆ ಮುಖ್ಯ ಕಾರಣ. ಗೋಧಿ ಬೆಳೆಯುವುದನ್ನು ಬಲ್ಲವರು ಗೋಧಿಯ ನೆಲಕ್ಕೇ ಬಂದರು. ಅವರ ಕಥೆ ಸರಳ.

ಯೆಹೂದ್ಯರ ಕಥೆ ಅಷ್ಟು ಸರಳವಲ್ಲ. 1889ರ ಆಗಸ್ಟ್ 14ರಂದು ‘ವೇಸರ್’ ಎಂಬ ಹಡಗು ಪೊದೋಲಿಯ ಸೀಮೆಯಿಂದ ಹೊರಟ ಎಂಟುನೂರಕ್ಕೂ ಹೆಚ್ಚು ಮಂದಿಯನ್ನು ಬ್ಯೂನಸ್ ಐರಿಸ್‌ನಲ್ಲಿ ಇಳಿಸಿತು. ಪ್ಯಾರಿಸ್ಸಿನಲ್ಲಿ ಅವರು ಭೂಮಿಗಾಗಿ ಕರಾರು ಮಾಡಿಕೊಂಡಿದ್ದರು. ಇಳಿದು ಕೇಳಿದರೆ ಭೂಮಿಯ ಬೆಲೆ ಏರಿಹೋಗಿದೆ. ಮಾರುವೆನೆಂದವನು ಕೊಡಲು ಒಪ್ಪಲಿಲ್ಲ. ಕಡೆಗೆ ಸಾಂತಾ ಫೆ ಪ್ರಾಂತದ ಮತ್ತೊಬ್ಬ ಜಮೀನುದಾರನೊಡನೆ ಒಪ್ಪಂದವಾಗಿ, ಅವರೆಲ್ಲ ಪಲಾಸಿಯೊಸ್ ಎಂಬ ರೈಲುನಿಲ್ದಾಣದಲ್ಲಿ ಇಳಿದರು. ಅಲ್ಲಿ ಮನೆಯಿಲ್ಲ, ನೇಗಿಲಿಲ್ಲ, ಹಿಟ್ಟೂ ಇಲ್ಲ. ಕೊಟ್ಟಿಗೆಗಳಲ್ಲಿಯೂ ರೈಲಿನ ಬಂಡಿಗಳಲ್ಲಿಯೂ ವಾಸ. ಸಾಂಕ್ರಾಮಿಕ ಜ್ವರಕ್ಕೆ ಅರುವತ್ತಕ್ಕೂ ಹೆಚ್ಚು ಮಕ್ಕಳು ಬಲಿಯಾದರು. ಉಳಿದವರು ಅದೇ ವರ್ಷ ಮೊಯಿಸೆಸ್ ವಿಲೆ ಎಂಬ ಊರನ್ನು ಕಟ್ಟಿದರು.

ಇಲ್ಲಿಯವರೆಗೆ ನೋಡಿದರೆ ರಷ್ಯಾದವನ ಅದೃಷ್ಟ ಪರಾಗ್ವೆಯವನದಕ್ಕಿಂತ ಎಳ್ಳಷ್ಟೂ ಮೇಲಾಗಿ ತೋರುವುದಿಲ್ಲ. ಭೇದ ಹುಟ್ಟಿದುದು ಮುಂದೆ. ವಿಲ್ಹೆಲ್ಮ್ ಲೋವೆಂತಾಲ್ ಎಂಬ ವೈದ್ಯನು ಈ ದುರವಸ್ಥೆಯನ್ನು ಕಂಡು ಯೂರೋಪಿಗೆ ವರದಿ ಮಾಡಿದನು. ರೈಲುರಸ್ತೆಗಳ ವ್ಯವಹಾರದಲ್ಲಿ ಅಪಾರ ಧನವನ್ನು ಗಳಿಸಿದ್ದ ಬ್ಯಾರನ್ ಮಾರಿಸ್ ಹಿರ್ಷ್ ಎಂಬ ಶ್ರೀಮಂತನು 1891ರಲ್ಲಿ ಯೆಹೂದ್ಯ ನೆಲಸುಗಾರಿಕೆಯ ಸಂಘವನ್ನು ಸ್ಥಾಪಿಸಿದನು. ಆ ಸಂಘವು ಕಾಲಕ್ರಮದಲ್ಲಿ ಅರ್ಜೆಂಟೀನಾದಲ್ಲಿ ಸುಮಾರು ಆರು ಲಕ್ಷ ಹೆಕ್ಟೇರು ಭೂಮಿಯನ್ನು ಕೊಂಡಿತು. ಇದು ಧರ್ಮದಾನವೆಂದು ತಿಳಿಯಬಾರದು. ರೈತನು ಭೂಮಿಯ ಬೆಲೆಯನ್ನು ಬಡ್ಡಿಸಹಿತವಾಗಿ ಕಂತುಕಂತಾಗಿ ತೀರಿಸಬೇಕು. ಹಣ ಕೂಡಿಬಂದರೂ ಅವಧಿಗೆ ಮುಂಚೆ ತೀರಿಸಿ ಪತ್ರವನ್ನು ಪಡೆಯುವಂತಿಲ್ಲ, ಪಡೆದರೆ ಮಾರಿಕೊಂಡಾನೆಂದು ಸಂಘಕ್ಕೆ ಸಂದೇಹ. ಮಿಡತೆ ಬಂದು ಬೆಳೆ ಹೋದ ವರ್ಷವೂ ಕಂತಿನ ಲೆಕ್ಕ ನಿಲ್ಲದು. ಸಂಘದ ಅಧಿಕಾರಿಗಳ ದರ್ಪವನ್ನು ಸಹಿಸದೆ ಎಷ್ಟೋ ಸಂಸಾರಗಳು ನೆಲವನ್ನು ಬಿಟ್ಟುಹೋದುವು.

ಆದರೂ ಅವರ ಕಾಲಕೆಳಗೆ ನೆಲವಿದ್ದಿತು. ನೆಲವಿದ್ದವನಿಗೆ ಸಾಲ ಹುಟ್ಟುವುದು. ಸಾಲವಿದ್ದವರು ನಾಲ್ಕು ಮಂದಿ ಸೇರಿದರೆ ಸಹಕಾರಸಂಘ ಹುಟ್ಟುವುದು. ಎಂತ್ರೆ ರಿಯೊಸಿನ ಬಸಾವಿಲ್ಬಾಸೊ ಎಂಬಲ್ಲಿ 1900ರಲ್ಲಿ ಈ ಒಕ್ಕಲಿಗರು ಸ್ಥಾಪಿಸಿದ ಕೃಷಿಸಂಘವನ್ನು ಆ ದೇಶದ ಸಹಕಾರ ಚಳವಳಿಯ ಮೂಲಗಳಲ್ಲೊಂದೆಂದು ಎಣಿಸುತ್ತಾರೆ. ಮಕ್ಕಳ ವಿದ್ಯಾಭ್ಯಾಸಕ್ಕೆ ಸಂಘದ ಶಾಲೆಗಳಿದ್ದುವು. 1884ರ ಶಾಸನವು ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದ್ದಿತು. ಗೋಧಿ ಬಿತ್ತಿದೆವು, ವೈದ್ಯರನ್ನು ಕುಯ್ದೆವು ಎಂಬುದು ಆ ಹಳ್ಳಿಗಳಲ್ಲಿ ಹುಟ್ಟಿದ ಗಾದೆ. ಅದರಲ್ಲಿ ಹೆಮ್ಮೆಯೂ ಉಂಟು, ಮಕ್ಕಳು ನಗರಕ್ಕೆ ಹೋಗಿ ಹಳ್ಳಿ ಬರಿದಾಯಿತೆಂಬ ನಿಟ್ಟುಸಿರೂ ಉಂಟು.

ಆ ಕಾಲದಲ್ಲಿ ಈ ರಷ್ಯಾದವರನ್ನು ಯಾರೂ ಮಾದರಿಯ ವಲಸೆಗಾರರೆಂದು ಹೊಗಳುತ್ತಿರಲಿಲ್ಲವೆಂಬುದನ್ನು ನೆನೆಯುವುದು ಒಳಿತು. 1909ರಲ್ಲಿ ರಷ್ಯಾದಿಂದ ಬಂದ ತರುಣನೊಬ್ಬನು ರಾಜಧಾನಿಯ ಪೋಲೀಸ್ ಅಧಿಪತಿಯನ್ನು ಬಾಂಬು ಹಾಕಿ ಕೊಂದಮೇಲೆ ‘ರೂಸೊ’ ಎಂಬುದು ಕ್ರಾಂತಿಕಾರಿಗೂ ಪರ್ಯಾಯಪದವಾಯಿತು. 1919ರ ಜನವರಿಯಲ್ಲಿ ಕಾರ್ಖಾನೆಯೊಂದರ ಮುಷ್ಕರದಿಂದ ಗಲಭೆಯೆದ್ದಾಗ, ಶಸ್ತ್ರಧಾರಿಗಳಾದ ನಾಗರಿಕರು ಯೆಹೂದ್ಯರ ಕೇರಿಗಳಿಗೆ ನುಗ್ಗಿ ಹೊಡೆದರು, ಸುಟ್ಟರು, ಕೊಂದರು. ಆ ವಾರವನ್ನು ಅಲ್ಲಿಯ ಇತಿಹಾಸ ದುರಂತದ ವಾರವೆಂದು ಕರೆಯುತ್ತದೆ. ಇಂದು ಶ್ರಮಶೀಲತೆಗೆ ಉದಾಹರಣೆಯಾಗಿರುವವರು ಅಂದು ಉಪದ್ರವಕ್ಕೆ ಉದಾಹರಣೆಯಾಗಿದ್ದರು. ಆ ಜನದ ಸ್ವಭಾವವೇ ಇಷ್ಟರಲ್ಲಿ ತಿರುಗಿಬಿಟ್ಟಿತೆಂದು ನಂಬುವುದು ಕಷ್ಟ.

ಇನ್ನು ಪರಾಗ್ವೆಯ ಕಡೆಗೆ ತಿರುಗಬಹುದು. 1864ರಿಂದ 1870ರವರೆಗೆ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆಗಳೆಂಬ ಮೂರು ರಾಜ್ಯಗಳೊಡನೆ ಯುದ್ಧಮಾಡಿ ಆ ದೇಶವು ನುಚ್ಚುನೂರಾಯಿತು. ಗಂಡಸರ ಸಂಖ್ಯೆ ಭಯಂಕರವಾಗಿ ಕ್ಷೀಣಿಸಿತು. ಅರ್ಜೆಂಟೀನಾವು ನೆಲಸುಗಾರಿಕೆಯ ಶಾಸನವನ್ನು ಮಾಡಿದ ಆ 1876ರಲ್ಲಿಯೇ, ಅದರೊಡನೆ ಸಂಧಿಮಾಡಿಕೊಂಡ ಪರಾಗ್ವೆಯು ತನ್ನದೆಂದು ಹೇಳಿಕೊಳ್ಳುತ್ತಿದ್ದ ಮಿಸಿಯೊನೆಸ್ ಮತ್ತು ಫೊರ್ಮೋಸ ಸೀಮೆಗಳನ್ನು ಬಿಟ್ಟುಕೊಟ್ಟಿತು. ಉಳಿದ ನೆಲವಾದರೂ ಪ್ರಜೆಗಳಿಗೆ ದಕ್ಕಿತೆ? 1883 ಮತ್ತು 1885ರ ಶಾಸನಗಳ ಮೇರೆಗೆ ಸರ್ಕಾರವು ತನ್ನ ಭೂಮಿಯನ್ನು ಮಾರಾಟಕ್ಕಿಟ್ಟಿತು. ಕೊಂಡವರು ಹೊರದೇಶದ ಬಂಡವಾಳದ ಕಂಪೆನಿಗಳು. ತಲೆತಲಾಂತರದಿಂದ ಉತ್ತು ಬಿತ್ತುತ್ತಿದ್ದ ಗ್ವಾರನೀ ಭಾಷೆಯ ಒಕ್ಕಲಿಗನು ಒಂದು ದಿನ ಬೆಳಗಾಗುವುದರೊಳಗೆ ಪರರ ಜಮೀನಿನಲ್ಲಿ ನಿಂತವನಾದನು. ಪೊದೋಲಿಯದ ಯೆಹೂದ್ಯನು ನೆಲವನ್ನು ಅರಸುತ್ತ ಹಡಗನ್ನೇರಿದ ಆ ದಶಕದಲ್ಲಿಯೇ ಪರಾಗ್ವೆಯವನ ನೆಲ ಅವನ ಕೈಬಿಟ್ಟುಹೋಯಿತು.

ಆದಕಾರಣ ಅವನು ಗಡಿ ದಾಟಿದುದು ಕೂಲಿಯಾಗಿ. ಮಿಸಿಯೊನೆಸ್ಸಿನ ಕಾಡುಗಳಲ್ಲಿ ಯೆರ್ಬಾ ಎಂಬ ಪಾನೀಯದ ಎಲೆ ಕಡಿಯುವ ಕೆಲಸ; ಚಾಕೊ ಪ್ರದೇಶದಲ್ಲಿ ಚರ್ಮ ಹದಮಾಡುವ ಒಗರನ್ನು ಕೊಡುವ ಕೆಬ್ರಾಚೊ ಮರಗಳನ್ನು ಉರುಳಿಸುವ ಕೆಲಸ; ಬಳಿಕ ಹತ್ತಿ ಬಿಡಿಸುವ ಕೆಲಸ. ಯೆರ್ಬಾ ಕೂಲಿಗೆ ಪೊಸಾದಸ್ ಪಟ್ಟಣದಲ್ಲಿ ಮುಂಗಡ ಕೊಡುತ್ತಿದ್ದರು. ಆ ಮುಂಗಡ ಪಟ್ಟಣದಲ್ಲಿಯೇ ಕರಗಿ, ಕಾಡಿಗೆ ಹೋಗುವಾಗ ಅವನು ಸಾಲಗಾರನಾಗಿಯೇ ಹೋಗುವನು. ಊಟ ಬಟ್ಟೆಗಳನ್ನು ಮಾಲಿಕನ ಅಂಗಡಿಯಲ್ಲಿಯೇ ಕೊಳ್ಳಬೇಕಾದುದರಿಂದ ಸಾಲ ತೀರುವ ಮಾತಿಲ್ಲ. ರಷ್ಯಾದವನೂ ಸಾಲಗಾರನೇ. ಆದರೆ ಒಬ್ಬನ ಸಾಲದ ಕೊನೆಯಲ್ಲಿ ಕ್ರಯಪತ್ರ, ಮತ್ತೊಬ್ಬನ ಸಾಲದ ಕೊನೆಯಲ್ಲಿ ಹೊಸ ಸಾಲ.

1947ರ ಅಂತರ್ಯುದ್ಧವೂ, 1954ರಿಂದ 1989ರವರೆಗೆ ನಡೆದ ಸ್ಟ್ರೋಸ್ನರನ ನಿರಂಕುಶಾಧಿಕಾರವೂ ಇನ್ನಷ್ಟು ಜನರನ್ನು ಹೊರಡಿಸಿದುವು. ಅವರು ಕಾಡನ್ನು ಬಿಟ್ಟು ಬ್ಯೂನಸ್ ಐರಿಸ್‌ಗೆ ನಡೆದರು. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಮನೆಗೆಲಸಕ್ಕೆ. ಮೊದಲು ಬಂದ ಅಣ್ಣನು ಮೇಸ್ತ್ರಿಗೆ ಹೇಳಿ ತಮ್ಮನನ್ನು ಕರೆಸಿಕೊಳ್ಳುವನು. ಬಂದ ಮರುದಿನವೇ ಕೆಲಸ ಸಿಕ್ಕುವುದು. ಈ ಪರಿಚಯದ ಸರಪಣಿ ಹಸಿವಿನಿಂದ ಕಾಪಾಡುತ್ತದೆ, ನಿಜ. ಅದೇ ಸರಪಣಿ ಬೇರೊಂದು ವೃತ್ತಿಯ ಬಾಗಿಲಿಗೆ ಹೋಗಗೊಡುವುದಿಲ್ಲವೆಂಬುದೂ ನಿಜ. ಇಟ್ಟಿಗೆಯ ಕೆಲಸದಿಂದ ಸಹಕಾರಸಂಘ ಹುಟ್ಟುವುದು ದುರ್ಲಭ, ಏಕೆಂದರೆ ಕಟ್ಟಡ ಮುಗಿದೊಡನೆ ಕೂಡಿದವರು ಚದರಿಹೋಗುತ್ತಾರೆ. ಮನೆಗೆಲಸದವಳ ಸ್ಥಿತಿ ಇನ್ನೂ ಕಷ್ಟ. 2013ರ ಶಾಸನ ಬರುವವರೆಗೆ ಆ ವೃತ್ತಿಯವರಿಗೆ ಪ್ರಸವಕಾಲದ ರಜೆ ಕೂಡ ಇರಲಿಲ್ಲ.

ಶಾಸನದ ಮಾತು ಬಂದುದರಿಂದ ಹೇಳಬೇಕಾದ ಮತ್ತೊಂದಿದೆ. 1978ರಲ್ಲಿ ಅರ್ಜೆಂಟೀನಾದಲ್ಲಿ ವಿಶ್ವ ಫುಟ್ಬಾಲ್ ಪಂದ್ಯಗಳು ನಡೆದ ಕಾಲದಲ್ಲಿ ಸೈನ್ಯಾಡಳಿತವು ರಾಜಧಾನಿಯ ಗುಡಿಸಲುಕೇರಿಗಳನ್ನು ಕೆಡವಿ, ಅಲ್ಲಿದ್ದ ನೆರೆನಾಡಿನವರನೇಕರನ್ನು ಹೊರದಬ್ಬಿತು. 1981ರಲ್ಲಿ ಅದೇ ಆಡಳಿತ ಮಾಡಿದ ವಲಸೆಯ ಶಾಸನದ ಪ್ರಕಾರ, ಕಾಗದಪತ್ರವಿಲ್ಲದವನು ಕೂಲಿಗೆ ದುಡಿಯುವಂತಿಲ್ಲ, ಅವನನ್ನು ಕಂಡ ಅಧಿಕಾರಿ ಸುದ್ದಿ ಕೊಡಬೇಕು. ದುಡಿಯದೆ ಬದುಕಲಾರದವನು ಕದ್ದು ದುಡಿಯುವನು. ಕದ್ದು ದುಡಿಯುವವನು ಕೊಟ್ಟಷ್ಟಕ್ಕೆ ಒಪ್ಪುವನು. ಪ್ರಜಾಪ್ರಭುತ್ವ ಮರಳಿದ ಮೇಲೂ ಆ ಶಾಸನ ಇಪ್ಪತ್ತು ವರ್ಷ ಬದುಕಿತು. 2004ರಲ್ಲಿ ಜಾರಿಗೆ ಬಂದ 25,871ನೆಯ ಶಾಸನವು ಅದನ್ನು ತೆಗೆದುಹಾಕಿ, ಪತ್ರವಿಲ್ಲದವರ ಮಕ್ಕಳಿಗೂ ಶಾಲೆಯ ಬಾಗಿಲು ಮುಚ್ಚಕೂಡದೆಂದು ವಿಧಿಸಿತು. 1876ರ ಶಾಸನ ಒಬ್ಬರಿಗೆ ಭೂಮಿಯ ಆಸೆ ತೋರಿಸಿ ಕರೆಯಿತು. 1981ರ ಶಾಸನ ಇನ್ನೊಬ್ಬರನ್ನು ಅಡಗಿರುವಂತೆ ಮಾಡಿತು. ಹಸಿಸೌದೆಯ ಬಹುಭಾಗ ಇಲ್ಲಿಯೇ ಸಿಕ್ಕುವುದು.

ಬಂದವರ ಗುಣವೇನೂ ಲೆಕ್ಕಕ್ಕಿಲ್ಲವೆಂದರೆ ಅದೂ ಅತಿರೇಕವೇ. ಮಕ್ಕಳಿಗೆ ಧರ್ಮಗ್ರಂಥವನ್ನು ಓದಿಸಬೇಕೆಂಬ ನಿಯಮ ಯೆಹೂದ್ಯರಲ್ಲಿ ಬಹು ಪುರಾತನ. ನೇಗಿಲು ಹಿಡಿದರಿಯದವರಾದರೂ ಅಕ್ಷರವನ್ನು ಬಲ್ಲವರಾಗಿ ಬಂದರು, ಕೈಕಸಬನ್ನು ತಂದರು. ಪರಾಗ್ವೆಯ ಬಾಲಕನಾದರೋ ಮನೆಯಲ್ಲಿ ಗ್ವಾರನೀಯನ್ನಾಡುತ್ತ ಶಾಲೆಯಲ್ಲಿ ಸ್ಪ್ಯಾನಿಷಿನಲ್ಲಿ ಓದಬೇಕಾಗಿದ್ದಿತು. ಅವನ ಮಾತಿಗೆ ಸ್ವದೇಶದಲ್ಲಿಯೇ ರಾಜಭಾಷೆಯ ಪದವಿ ಬಂದುದು 1992ರಲ್ಲಿ. ಇಂಥ ಸಂಸ್ಕಾರಭೇದ ಫಲಭೇದಕ್ಕೆ ಕಾರಣವಲ್ಲವೆನ್ನಲಾಗದು. ಆದರೆ ಅದನ್ನು ರಕ್ತದ ಗುಣವೆನ್ನುವುದು ಸಲ್ಲದು.

ಇನ್ನು, ಲೆಕ್ಕವನ್ನು ಯಾವ ಊರಿನಲ್ಲಿ ಮಾಡಬೇಕು? ರಷ್ಯಾದವನಿಗೆ ಹಿಂತಿರುಗುವ ದಾರಿಯಿರಲಿಲ್ಲ. ನಡುವೆ ಸಮುದ್ರ, ಆಚೆ ಝಾರನ ರಾಜ್ಯ. ಅವನು ಗಳಿಸಿದುದೆಲ್ಲ ಅರ್ಜೆಂಟೀನಾದಲ್ಲಿಯೇ ನಿಂತಿತು, ಎಲ್ಲರ ಕಣ್ಣಿಗೂ ಬಿದ್ದಿತು. ಪರಾಗ್ವೆಯವನ ತಾಯಿ ನದಿಯಾಚೆ ಇದ್ದಾಳೆ. 1991ರಿಂದ ಅರ್ಜೆಂಟೀನಾದ ಪೆಸೊ ಡಾಲರಿಗೆ ಸಮನಾಗಿದ್ದಷ್ಟು ಕಾಲವೂ ಬ್ಯೂನಸ್ ಐರಿಸ್‌ನ ಮನೆಗೆಲಸದ ಸಂಬಳದಿಂದ ಪರಾಗ್ವೆಯ ಹಳ್ಳಿಯಲ್ಲಿ ಗೋಡೆ ಏಳುತ್ತಿದ್ದಿತು, ತಂಗಿ ಶಾಲೆಗೆ ಹೋಗುತ್ತಿದ್ದಳು. ಆ ಹಣ ದುಡಿದ ಊರಿನ ಯಾವ ಪಟ್ಟಿಯಲ್ಲಿಯೂ ಕಾಣದು. 2002ರ ಜನವರಿಯಲ್ಲಿ ಆ ಸಮತೆ ಮುರಿದು, ಕೆಲವೇ ತಿಂಗಳಲ್ಲಿ ಪೆಸೊ ಮೂರರಲ್ಲಿ ಎರಡು ಪಾಲು ಬೆಲೆಯನ್ನು ಕಳೆದುಕೊಂಡಾಗ, ದುಡಿದವಳ ಕೈಯಲ್ಲಿದ್ದ ಹಣ ಅಷ್ಟೇ ಇದ್ದರೂ ಹಳ್ಳಿಯ ಗೋಡೆ ಅರ್ಧಕ್ಕೆ ನಿಂತಿತು. ಮುಂದೆ ಪರಾಗ್ವೆಯ ಹೆಂಗಸರು ಸ್ಪೇನಿಗೆ ಹೋಗತೊಡಗಿದುದಕ್ಕೆ ಇದೂ ಒಂದು ಕಾರಣ.

ಗಣತಿಯಲ್ಲಿಯೂ ಒಂದು ತೊಡಕಿದೆ. ಅಲ್ಲಿಯ ನೆಲದಲ್ಲಿ ಹುಟ್ಟಿದ ಶಿಶು ಶಾಸನಪ್ರಕಾರ ಅರ್ಜೆಂಟೀನಾದ ಪ್ರಜೆ. ಗಾರೆಕೆಲಸದವನ ಮಗಳು ದಾದಿಯೋ ಉಪಾಧ್ಯಾಯಿನಿಯೋ ಆದೊಡನೆ ಪರಾಗ್ವೆಯವರೆಂಬ ಪಂಕ್ತಿಯಲ್ಲಿ ಅವಳ ಹೆಸರಿಲ್ಲ. ಆ ಪಂಕ್ತಿಯನ್ನು ನಿನ್ನೆ ಗಡಿ ದಾಟಿ ಬಂದವರು ತುಂಬುತ್ತಲೇ ಇರುತ್ತಾರೆ. ಜನರ ನಾಲಗೆಯ ಮೇಲಿನ ‘ರೂಸೊ’ ಆದರೋ ಹಡಗಿನಲ್ಲಿ ಬಂದವನ ಮೊಮ್ಮಗ, ಮರಿಮಗ. ಮೊಮ್ಮಗನ ಪಕ್ಕದಲ್ಲಿ ಇಂದು ಬಂದಿಳಿದವನನ್ನು ನಿಲ್ಲಿಸಿ ಎತ್ತರ ನೋಡುವುದು ಯಾವ ನ್ಯಾಯ?

ಇಂದು ಬಂದಿಳಿದವರನ್ನೇ ಹೋಲಿಸಬೇಕೆಂದರೆ ಅದಕ್ಕೂ ಅವಕಾಶ ಒದಗಿದೆ. 2022ರಲ್ಲಿ ರಷ್ಯಾವು ಯುಕ್ರೇನಿನ ಮೇಲೆ ಯುದ್ಧ ಹೂಡಿದ ಮೇಲೆ ಸಹಸ್ರಾರು ರಷ್ಯನರು ಬ್ಯೂನಸ್ ಐರಿಸ್‌ಗೆ ಬಂದರು. ಅವರಲ್ಲಿ ಗರ್ಭಿಣಿಯರೇ ಅನೇಕರು. 2023ರ ಫೆಬ್ರವರಿಯಲ್ಲಿ ಒಂದೇ ವಿಮಾನದಿಂದ ಮೂವತ್ತಮೂರು ಗರ್ಭಿಣಿಯರು ಇಳಿದುದು ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಇವರು ಗೋಧಿ ಬಿತ್ತಲು ಬಂದವರಲ್ಲ. ಕೈಯಲ್ಲಿ ಹಣ ತಂದರು. ಕೆಲವರು ದೂರದ ಕಂಪೆನಿಗಳಿಗೆ ಗಣಕಯಂತ್ರದ ಮೂಲಕ ದುಡಿದು ಡಾಲರುಗಳಲ್ಲಿ ಸಂಬಳ ಪಡೆಯುವವರು. ನಗರದ ಒಳ್ಳೆಯ ಬಡಾವಣೆಗಳಲ್ಲಿ ಮನೆ ಹಿಡಿದರು. ಪೆಸೊ ಇಳಿದಷ್ಟೂ ಇವರ ಸಂಸಾರ ಅಗ್ಗವಾಗುವುದು, ಹಳ್ಳಿಗೆ ಹಣ ಕಳುಹಿಸುವವಳ ಸಂಸಾರ ತುಟ್ಟಿಯಾಗುವುದು. 2025ರ ಮೇ ತಿಂಗಳಿನ ಆಜ್ಞೆಯು ವಲಸೆಯ ನಿಬಂಧನೆಗಳನ್ನು ಇಬ್ಬರಿಗೂ ಬಿಗಿಮಾಡಿತು. ಆದರೂ ಅಲ್ಲಿಯ ಆಸ್ಪತ್ರೆಯಲ್ಲಿ ಒಂದೇ ದಿನ ರಷ್ಯಾದವಳು ಹೆತ್ತ ಮಗುವಿಗೂ ಪರಾಗ್ವೆಯವಳು ಹೆತ್ತ ಮಗುವಿಗೂ ಬರೆದುಕೊಡುವ ಜನನಪತ್ರ ಒಂದೇ ತೆರನಾದುದು. ಮುಂದಿನ ಗಣತಿ ಬಂದಾಗ ಆ ಎರಡು ಮಕ್ಕಳನ್ನೂ ಗುಮಾಸ್ತೆಯು ಅರ್ಜೆಂಟೀನಾದವರೆಂದೇ ಬರೆದುಕೊಳ್ಳುವನು.