ನಕಲು ಮಾಡಿ ಹಂಚಿದ ಭಯ

ನಾವು ಚಿಕ್ಕವರಿದ್ದಾಗ ಕೊಟ್ಟೂರಿನಲ್ಲಿ ಟಿ.ವಿ., ವಿ.ಸಿ.ಪಿ. ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುವುದಿತ್ತು. ಓಣಿಯವರೆಲ್ಲ ಅಂಗಳದಲ್ಲಿ ಸೇರುತ್ತಿದ್ದರು. ಕ್ಯಾಸೆಟ್ ಮುಗಿದು ಪರದೆಯ ಮೇಲೆ ಬರೀ ಚುಕ್ಕೆಗಳು ಕುಣಿಯತೊಡಗಿದಾಗ ನಮಗೆ ಒಳಗೊಳಗೇ ಹೆದರಿಕೆ. ಅವುಗಳ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಎಷ್ಟೋ ವರ್ಷಗಳ ನಂತರ ಮಗನ ಕಂಪ್ಯೂಟರಿನಲ್ಲಿ ಜಪಾನಿನ 'ರಿಂಗು' ನೋಡಿದಾಗ ಆ ಚುಕ್ಕೆಗಳು ನೆನಪಾದವು. ಕೋಜಿ ಸುಜುಕಿಯವರ 1991ರ ಕಾದಂಬರಿಯನ್ನು ಆಧರಿಸಿ ಹಿದಿಯೊ ನಕಾಟಾ 1998ರಲ್ಲಿ ನಿರ್ದೇಶಿಸಿದ ಚಿತ್ರವಿದು. ಅದರಲ್ಲಿ ಒಂದು ವಿಡಿಯೋ ಕ್ಯಾಸೆಟ್ ಇದೆ. ಅದನ್ನು ನೋಡಿದವರಿಗೆ ಫೋನ್ ಬರುತ್ತದೆ, ಏಳನೇ ದಿನ ಸಾವು. ಬಾವಿಗೆ ತಳ್ಳಲ್ಪಟ್ಟಿದ್ದ ಸದಾಕೋ ಟಿ.ವಿ.ಯೊಳಗಿಂದಲೇ ತೆವಳಿ ಹೊರಬರುತ್ತಾಳೆ. ಕಾಬುಕಿ ರಂಗದ ಅಭ್ಯಾಸವಿದ್ದ ನಟಿಯನ್ನು ಹಿಮ್ಮುಖವಾಗಿ ನಡೆಸಿ, ಆ ದೃಶ್ಯವನ್ನು ತಿರುಗುಮುರುಗಾಗಿ ಓಡಿಸಿದ್ದರಿಂದ ಆ ನಡಿಗೆ ಮನುಷ್ಯರದ್ದಲ್ಲ ಅನ್ನಿಸುತ್ತದೆ.

ಆದರೆ ನಿಜವಾದ ಭಯ ಕೊನೆಯಲ್ಲಿದೆ. ಕ್ಯಾಸೆಟ್ಟನ್ನು ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಿದವರು ಮಾತ್ರ ಬದುಕುತ್ತಾರೆ. ಪತ್ರಕರ್ತೆಯಾದ ತಾಯಿ, ತನ್ನ ಪುಟ್ಟ ಮಗನನ್ನು ಉಳಿಸಿಕೊಳ್ಳಲು ಹೆತ್ತ ತಂದೆಯ ಮನೆಯತ್ತ ಕಾರು ಓಡಿಸುತ್ತಾಳೆ. ಶಾಪ ಹರಡುವುದು ದ್ವೇಷದಿಂದಲ್ಲ, ಪ್ರೀತಿಯಿಂದ!

ಸಿನಿಮಾ ನೋಡಿ ಮರೆತಿದ್ದೆವು. 2018ರ ಬೇಸಿಗೆಯಲ್ಲಿ ಹಗರಿಬೊಮ್ಮನಹಳ್ಳಿಯ ಅಕ್ಕನಿಂದ ವಾಟ್ಸ್ಆ್ಯಪಿನಲ್ಲಿ ಒಂದು ಸಂದೇಶ ಬಂತು. ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ! ನಾವು ಅದನ್ನು ಕೂಡ್ಲಿಗಿಯ ತಂಗಿಗೆ, ಹರಪನಹಳ್ಳಿಯ ಚಿಕ್ಕಪ್ಪನ ಮನೆಗೆ ಕಳಿಸಿಬಿಟ್ಟೆವು. ಮಕ್ಕಳಿರುವ ಮನೆಗಳಲ್ಲವೇ?

ಇಂಥದೇ ವದಂತಿಗೆ ಆ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಒಬ್ಬ ಯುವಕ ಬಲಿಯಾದ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನ ಜೊತೆಗಿದ್ದವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಸಂಶಯಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸ್ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿ ಹಾಕಿತು. ನಾವು ಕಳಿಸಿದ್ದು ಎರಡೇ ಕಡೆಗೆ. ಮಿತಿಯೊಳಗೇ ಇದ್ದೆವು!

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾರೆ. ಆ ಒಂದು ಸಾಲೂ ಬಾಯಿಂದ ಬಾಯಿಗೆ ಊರೂರು ಮುಟ್ಟುತ್ತದೆ. ಆದರೆ ನುಡಿದವರು ಯಾರೆಂದು ಎಲ್ಲರಿಗೂ ಗೊತ್ತು. ಮಳೆಯ ಮಾತೋ, ರಾಜಕೀಯದ ಮಾತೋ ಎಂದು ಜನ ಕಟ್ಟೆಯ ಮೇಲೆ ಕೂತು ಅರ್ಥ ಬಿಡಿಸುತ್ತಾರೆ. ನಮ್ಮ ಕೈಗೆ ಬಂದ ಸಂದೇಶಕ್ಕೆ ನುಡಿದವರೂ ಇರಲಿಲ್ಲ, ಅರ್ಥ ಬಿಡಿಸುವಷ್ಟು ವ್ಯವಧಾನವೂ ಇರಲಿಲ್ಲ.

ಸಿನಿಮಾದ ಆ ತಾಯಿಗೆ ಬೇರೆ ದಾರಿ ಇರಲಿಲ್ಲ. ನಮಗಿತ್ತು. ಅಕ್ಕನಿಗೆ ಒಂದು ಫೋನ್ ಮಾಡಿ, "ಅಕ್ಕಾ, ಇದನ್ನ ಯಾರು ನೋಡ್ಯಾರ?" ಎಂದು ಕೇಳಬಹುದಿತ್ತು. ಕೇಳಲಿಲ್ಲ.